ಹೊಸ ಬ್ಲೇಡು

ನೀರು ಎರಡನೇ ಸಲ ಕುದಿಯುತ್ತಿದ್ದರೂ ಕ್ಷೌರಿಕ ಒಲೆ ಆರಿಸಲಿಲ್ಲ.

"ಒಂದು ಗಡ್ಡಕ್ಕೆ ಎಷ್ಟು ಸಲ ನೀರು ಕುದಿಸ್ತೀಯಪ್ಪ?" ತೀರಿಕೊಂಡವನ ಸೋದರಮಾವ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು. "ಹನ್ನೊಂದಕ್ಕೆ ಗಾಡಿ ಬರುತ್ತೆ. ಜೀವನವಿಡೀ ಊರಿನ ಗಡಿಯಾರಗಳಿಗೆ ಟೈಮ್ ಕೊಟ್ಟವನು. ಅವನನ್ನ ಇವತ್ತು ಲೇಟ್ ಮಾಡಿಸ್ಬೇಡ."

"ಬಂದೆ ಯಜಮಾನ್ರೇ" ಎಂದನೇ ಹೊರತು ಕಾಲು ಏಳಲಿಲ್ಲ. ಒಳಗೆ ಮಲಗಿದ್ದ ಗಡಿಯಾರ ರಿಪೇರಿಯವನು ಇಪ್ಪತ್ತೆರಡು ವರ್ಷ ಅವನ ಪಕ್ಕದಂಗಡಿಯ ಅಣ್ಣ. ಹನ್ನೆರಡು ದಿನದ ಹಿಂದೆ ಆ ಗದ್ದಕ್ಕೆ ಗಾಯ ಮಾಡಿದ್ದು ಇದೇ ಕೈ. ಅಣ್ಣನನ್ನು ಕೊಂದವನು ತಾನೇ ಎಂದು ಅವನಿಗೆ ಖಾತ್ರಿಯಾಗಿತ್ತು.

*

ಬೆರಳ ಗಂಟುಗಳು ಊದಿ, ಚಿಮಟ ಹಿಡಿಯಲಾಗದೆ ಅಣ್ಣನ ಅಂಗಡಿ ಎರಡು ವರ್ಷ ಮುಚ್ಚಿತ್ತು. ಮೈ ಕಾಯುವ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ತಿನ್ನುತ್ತಿದೆ ಎಂದಿದ್ದರು ಡಾಕ್ಟರು. ಇಂಜೆಕ್ಷನ್ ಶುರುವಾದ ಮೇಲೆ ಬೆರಳು ಸಡಿಲಗೊಂಡವು, ಅಂಗಡಿಯೂ ತೆರೆಯಿತು.

"ಕಾವಲುಗಾರನಿಗೆ ನಿದ್ದೆ ಔಷಧಿ ಕೊಟ್ಟಿದ್ದಾರೆ ಕಣೋ" ಎಂದು ಅಣ್ಣ ನಕ್ಕಿದ್ದ. "ಇನ್ನು ಕಳ್ಳ ಬಂದ್ರೆ ನಾವೇ ನೋಡ್ಕೋಬೇಕು."

ಸಣ್ಣ ಗಾಯದಿಂದಲೂ ನಂಜು ಏರೀತೆಂದು ಅಂದಿನಿಂದ ಪ್ರತಿ ಗುರುವಾರ ಕ್ಷೌರಿಕ ಬ್ಲೇಡಿನ ಕಾಗದವನ್ನು ಅವನ ಕಣ್ಣೆದುರೇ ಬಿಚ್ಚುತ್ತಿದ್ದ. "ನೋಡಣ್ಣ, ಹೊಸದು." ಅಣ್ಣ ಭೂತಗನ್ನಡಿ ಕಣ್ಣಿಗಿಟ್ಟು, ದೊಡ್ಡ ನ್ಯಾಯಾಧೀಶನ ಗತ್ತಿನಲ್ಲಿ "ಪಾಸ್" ಅನ್ನುವನು. ಆಮೇಲೇ ಸೋಪು.

ಕಡೆಯ ಗುರುವಾರ ಬ್ಲೇಡು ಗದ್ದದ ಕೆಳಗಿದ್ದಾಗಲೇ ಅಣ್ಣನ ಗಂಟಲು ತಟಕ್ಕನೆ ಹಾರಿತು. ರಕ್ತ ಬಂತು.

"ಬಿಕ್ಕಳಿಕೆ ಕಣೋ, ನಿಂದೇನೂ ತಪ್ಪಿಲ್ಲ. ಮನೇಲಿ ಹೇಳ್ಬೇಡ" ಎಂದು ಹತ್ತಿ ಒತ್ತಿಕೊಂಡು ಹೋದ. ಮೂರನೇ ದಿನ ಆಸ್ಪತ್ರೆ ಸೇರಿದ.

*

"ಅತ್ತಿಗೆ, ಈ ಕೆಲಸ ನನ್ನ ಕೈಲಾಗಲ್ಲ" ಎಂದ ಕ್ಷೌರಿಕ, ನೀರನ್ನು ಒಲೆಯ ಮೇಲೇ ಬಿಟ್ಟು ಒಳಗೆ ಬಂದು, ಅಣ್ಣನ ಮಂಚದ ಬಳಿ ಕೂತಿದ್ದ ಅವನ ಹೆಂಡತಿಗೆ. ಗಾಯ, ರಕ್ತ, ಮುಚ್ಚಿಟ್ಟ ಮಾತು, ಒಂದೂ ಬಿಡದೆ ಹೇಳಿದ.

ಅತ್ತಿಗೆ ಅವನ ಕೈ ಹಿಡಿದು ಗಂಡನ ಗದ್ದದ ಕೆಳಗಿಟ್ಟಳು. "ಹುಡುಕು."

ಬೆಳೆದ ಗಡ್ಡದೊಳಗೆ ಬೆರಳಾಡಿಸಿದ. ಗಾಯದ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ. ಪೂರ್ತಿ ಕೂಡಿಕೊಂಡಿತ್ತು.

"ಇದು ವಾಸಿಯಾಯ್ತಪ್ಪ. ಕೆಟ್ಟಿದ್ದು ಶ್ವಾಸಕೋಶ. ನಿನ್ನ ಹತ್ರ ಬಿಕ್ಕಳಿಕೆ ಅಂದ್ರಾ? ಇಲ್ಲಿ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಕೆಮ್ಮಿದ್ರು, ನನಗೆ ಕೇಳಿಸ್ಬಾರ್ದು ಅಂತ. ಮೈ ಮುಟ್ಟಿದ್ರೆ ತಣ್ಣಗಿತ್ತು. ಈ ಇಂಜೆಕ್ಷನ್ ತಗೊಂಡ್ರೆ ಜ್ವರ ಬರದೇನೂ ಇರಬಹುದು, ಕೆಮ್ಮು ಬಂದ್ರೂ ಓಡಿ ಬನ್ನಿ ಅಂತ ಡಾಕ್ಟ್ರು ಬಡ್ಕೊಂಡಿದ್ರು."

"ಮತ್ತೆ ಯಾಕೆ ಮುಚ್ಚಿಟ್ರು?"

"ಹೇಳಿದ್ರೆ ಇಂಜೆಕ್ಷನ್ ನಿಲ್ಲಿಸ್ತಾರಲ್ಲ. ಬೆರಳು ಮತ್ತೆ ಮಡಚ್ಕೊಳ್ಳುತ್ತೆ ಅನ್ನೋ ಭಯ." ಅವಳು ಮಣಿಕಟ್ಟಿನ ವಾಚು ಮುಟ್ಟಿಕೊಂಡಳು. "ಆಸ್ಪತ್ರೆಗೆ ಹೊರಟಾಗ್ಲೂ ಇದಕ್ಕೆ ಅವರೇ ಕೀ ಕೊಟ್ರು. ನೋಡು, ಬೆರಳು ಎಷ್ಟು ಚೆನ್ನಾಗಿ ತಿರುಗುತ್ತೆ ಅಂದ್ರು." ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಕ್ಷೌರಿಕನಿಗೂ ಅಳು ಬಂತು. ಅತ್ತು ಮುಗಿಸಿ, ಹೋಗಿ ಒಲೆ ಆರಿಸಿ, ಬಿಸಿನೀರು ತಂದ. ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಜೇಬಿನಿಂದ ಬ್ಲೇಡು ತೆಗೆದ. ಮುಚ್ಚಿದ ಕಣ್ಣುಗಳ ಎದುರು ಹಿಡಿದು ಕಾಗದವನ್ನು ನಿಧಾನವಾಗಿ ಬಿಚ್ಚಿದ.

"ನೋಡಣ್ಣ, ಹೊಸದು."

ಬ್ರಷ್ಷನ್ನು ಸೋಪಿಗೆ ಅದ್ದದೆ, ಕೈಯಲ್ಲೇ ಹಿಡಿದು ಕಾದ.