ಸೊಪ್ಪಿಲ್ಲದ ಹಕ್ಕು

ಬನವಾಸಿ ಕಡೆಯ ಒಂದು ಹಳ್ಳಿ. ಅಲ್ಲಿ ಹಕ್ಕು ಎಂದರೆ ಒಂದೇ ಅರ್ಥ, ಬೆಟ್ಟದ ಹಕ್ಕು. ಅಡಿಕೆ ತೋಟವಿದ್ದವರು ಅದರ ಗೊಬ್ಬರಕ್ಕೆ ಬೆಟ್ಟದಲ್ಲಿ ಸೊಪ್ಪು ಕಡಿಯುವ ಹಕ್ಕು. ಅದಕ್ಕಾಗಿ ಜಗಳವಾಗದ ವರ್ಷವೇ ಇರಲಿಲ್ಲ.

ಹೀಗಿರುವಾಗ ಅಂದಾನಪ್ಪನ ಮಗಳು ನೀಲಗಂಗಾ ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದಳು. ಮುಂದೆ ಅಲ್ಲೇ ಎಂ.ಎ. ಸೇರಿ ಹಕ್ಕುಗಳ ವಿಷಯ ಓದುತ್ತೇನೆ ಎಂದಳು. ಅಂದಾನಪ್ಪ ಹಿಗ್ಗಿ ಊರಿಗೆಲ್ಲ ಸಾರಿದ. ಅವಳು ಹೊರಡುವ ಮುನ್ನಾದಿನ ನೆರೆಮನೆಯ ದ್ಯಾಮಪ್ಪ ಬೆಳಿಗ್ಗೆಯೇ ಜಗಲಿಗೆ ಬಂದು ಕುಳಿತ.

"ತಂಗೀ, ನಮ್ಮ ಬೆಟ್ಟದಾಗ ಆಚೆಮನಿಯವ ಸೊಪ್ಪು ಕಡಿತಾನ. ನೀ ಹಕ್ಕು ಓದಾಕಿ, ಒಂದಿಷ್ಟು ಬಂದು ನೋಡವಾ."

ನೀಲಗಂಗಾ ನಕ್ಕಳು. "ಕಾಕಾ, ನಾ ಓದೋದು ಬೆಟ್ಟದ ಹಕ್ಕಲ್ರೀ. ಮನುಷ್ಯರ ಹಕ್ಕು."

"ಮನುಷ್ಯರ ಹಕ್ಕು? ಮನುಷ್ಯನ ಮ್ಯಾಲೆ ಏನು ಸೊಪ್ಪು ಬೆಳಿತೈತೇನು?" ದ್ಯಾಮಪ್ಪ ತೊಡೆ ತಟ್ಟಿಕೊಂಡು ನಕ್ಕ.

ಅಂದಾನಪ್ಪನ ಮುಖ ಸಣ್ಣದಾಯಿತು. "ಬೆಟ್ಟದ್ದಲ್ಲ ಅಂದ್ರ ಮತ್ಯಾಕ ಓದಬೇಕು? ಬಿ.ಎ. ಆತಲ್ಲ, ಸಾಕು. ನಾಳೆ ಬಸ್ಸು ಹತ್ತೋದು ಬ್ಯಾಡ."

ನೀಲಗಂಗಾ ಒಳಗೆ ಬಂದಳು. ನಾಳೆ ಹೋಗದಿದ್ದರೆ ಕಾಲೇಜಿಗೆ ಹೆಸರು ಹಚ್ಚಿಸುವ ದಿನ ತಪ್ಪುತ್ತಿತ್ತು. ತಾಯಿ ಪಾರ್ವತವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳ ಕಣ್ಣು ತುಂಬಿದ್ದನ್ನು ಕಂಡು ಪಕ್ಕದ ಮಣೆಯನ್ನು ಅವಳತ್ತ ಸರಿಸಿದಳು.

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ದನಿ ಕೇಳಿತು. "ಅವ್ವಾರ, ಬಾಯಾರೈತ್ರೀ." ಗದ್ದೆ ಕೆಲಸದ ದುರ್ಗಿ. ಪಾರ್ವತವ್ವ ಎದ್ದು, ತಂಬಿಗೆಯನ್ನು ಎತ್ತರಕ್ಕೆ ಹಿಡಿದು ನೀರು ಹೊಯ್ದಳು. ದುರ್ಗಿ ಬಗ್ಗಿ ಬೊಗಸೆಯೊಡ್ಡಿ ಕುಡಿದು, ನೆರಳಿಗೆ ಹೋಗಿ ಕುಳಿತಳು. ಇದು ದಿನದ ಪದ್ಧತಿ. ಪಾರ್ವತವ್ವ ಬಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

"ಅವ್ವಾ," ನೀಲಗಂಗಾ ಮೆಲ್ಲಗೆ ಕೇಳಿದಳು, "ದುರ್ಗಿಗೆ ಬೆಟ್ಟ ಐತೇನು?"

"ಆಕಿಗೆಲ್ಲಿದು ಬೆಟ್ಟ? ತೋಟಾನೇ ಇಲ್ಲ."

"ಹಂಗಾರ ಆಕಿಗೆ ಯಾವ ಹಕ್ಕೂ ಇಲ್ಲ. ನಿನಗ ಐತೇನು?"

"ನಮ್ಮ ಬೆಟ್ಟ ನಿಮ್ಮಪ್ಪನ ಹೆಸರಿಲೆ ಐತಿ." ಹೇಳಿದ ಮೇಲೆ ಪಾರ್ವತವ್ವನ ಕೈ ನಿಂತಿತು.

"ಎರಡನೇ ಮಹಾಯುದ್ಧ ಮುಗಿದ ಮ್ಯಾಲೆ ಜಗತ್ತಿನ ದೇಶದವ್ರೆಲ್ಲ ಕೂಡಿ ಕುಂತು ಬರೆದ್ರವ್ವಾ, ಹುಟ್ಟಿದವ್ರೆಲ್ಲ ಸಮ ಅಂತ. ತೋಟ ಬ್ಯಾಡ, ಬೆಟ್ಟ ಬ್ಯಾಡ, ಹುಟ್ಟಿದ್ರ ಸಾಕು. ಮೊದಲ ಅದರಾಗ 'ಗಂಡಸರೆಲ್ಲ' ಅನ್ನೋ ಅರ್ಥದ ಶಬ್ದ ಇತ್ತು. ಹೆಂಗಸರೂ ಅದರಾಗ ಬಂದ್ರು ಅಂತ ತಿಳ್ಕೊಂಡ್ರಾತು ಅಂದ್ರಂತ. ನಮ್ಮ ದೇಶದಿಂದ ಹೋದ ಒಬ್ಬ ಹೆಣ್ಣುಮಗಳು ಒಪ್ಪಲಿಲ್ಲ. ತಿಳ್ಕೊಳ್ಳೋದು ಬ್ಯಾಡ, ಬರೀರಿ ಅಂದ್ಲು. ಕಡಿಗೆ 'ಮನುಷ್ಯರೆಲ್ಲ' ಅಂತಾತು."

ಹಂಚಿನ ಮೇಲೆ ರೊಟ್ಟಿ ಕರಿಯಾಗುತ್ತಿತ್ತು. ಪಾರ್ವತವ್ವ ನೋಡಲಿಲ್ಲ. ತಾನು ಇದೇ ಒಲೆಯ ಮುಂದೆ ಕುಳಿತಿದ್ದಾಗ, ಹೆಸರೂ ಕೇಳದ ಯಾವುದೋ ಊರಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತು ತನ್ನನ್ನೂ ಸೇರಿಸಿ ಮಾತಾಡಿದ್ದಳು!

"ಆ ಮಾತಿನಾಗ ನಾನೂ ಬರತೀನೇನು ನೀಲಾ?"

"ಬರತೀ ಅವ್ವಾ."

"ದುರ್ಗಿ?"

"ದುರ್ಗಿನೂ. ನಮ್ಮ ದೇಶದ ಸಂವಿಧಾನದಾಗೂ ಐತಿ. ಮುಟ್ಟಬ್ಯಾಡ ಅನ್ನೋದು ಈಗ ಅಪರಾಧ."

ಪಾರ್ವತವ್ವ ಹಿಟ್ಟಿನ ಕೈ ತೊಳೆದುಕೊಂಡಳು. ಆಮೇಲೆ ತಂಬಿಗೆ ತುಂಬಿಕೊಂಡು ಹೊರಗೆ ಹೋದಳು. ದುರ್ಗಿ ಎದ್ದು ಬಗ್ಗಿ ಬೊಗಸೆಯೊಡ್ಡಿದಳು. ಪಾರ್ವತವ್ವ ನೀರು ಹೊಯ್ಯಲಿಲ್ಲ. ಆ ಬೊಗಸೆಯಲ್ಲಿ ತಂಬಿಗೆಯನ್ನೇ ಇಟ್ಟಳು.

ದುರ್ಗಿ ಹೆದರಿ ಅತ್ತಿತ್ತ ನೋಡಿದಳು. ಆಮೇಲೆ ನೆಟ್ಟಗೆ ನಿಂತು, ತಂಬಿಗೆ ಎತ್ತಿ, ಕೊನೆಯ ಹನಿಯವರೆಗೂ ಕುಡಿದಳು.

"ಇಷ್ಟು ದಿನ ಅರ್ಧ ನೀರು ನನ್ನ ಮೊಣಕೈನೇ ಕುಡಿತಿತ್ರೀ ಅವ್ವಾರ," ಎಂದು ನಕ್ಕಳು.

ಪಾರ್ವತವ್ವನಿಗೆ ನಗಲಾಗಲಿಲ್ಲ. ದುರ್ಗಿ ಇಷ್ಟು ಎತ್ತರದ ಹೆಂಗಸು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಸೀದ ರೊಟ್ಟಿಯ ವಾಸನೆಗೆ ಅಂದಾನಪ್ಪ ಒಳಗೆ ಬಂದಿದ್ದ. ಹಿಂದೆಯೇ ದ್ಯಾಮಪ್ಪ. ನೀಲಗಂಗಾಳ ಮಾತು ಜಗಲಿಗೂ ಕೇಳಿಸಿತ್ತು; ಈಗ ಇಬ್ಬರೂ ಎಲ್ಲವನ್ನೂ ನೋಡಿದ್ದರು.

"ಇದೆಲ್ಲ ಇಲ್ಲೇ ತಿಳಿದಾತಲ್ಲ," ಅಂದಾನಪ್ಪ ಗೊಣಗಿದ. "ಇನ್ನ ಧಾರವಾಡ ಯಾಕ ಬೇಕು?"

ಪಾರ್ವತವ್ವ ಗಂಡನಿಗೆ ಎದುರಾಡಿದವಳಲ್ಲ. ಅಂದು ಸೆರಗು ಸರಿಮಾಡಿಕೊಂಡು ಹೇಳಿದಳು: "ನೋಡ್ರೀ, ಅಷ್ಟು ದೊಡ್ಡವರ ಸಭಾದಾಗ ಒಂದು ಶಬ್ದ ತಪ್ಪೈತಿ ಅಂತ ಆ ಹೆಣ್ಣುಮಗಳು ಹಿಡಿದಳಲ್ಲ, ಅದು ಓದಿದ್ದಕ್ಕ. ಅಲ್ಲಿ ನಾ ಇದ್ದಿದ್ರ ಹೂಂ ಅಂತಿದ್ದೆ. ನಾವಿಬ್ಬರೂ ಹೊರಗ ಉಳಿತಿದ್ವಿ, ನಾನೂ ದುರ್ಗಿನೂ. ಮುಂದ ಇನ್ನೆಷ್ಟು ಶಬ್ದ ತಪ್ಪಿರತಾವೋ. ಹಿಡಿಯವ್ರು ಬೇಕಲ್ರೀ."

ಅಂದಾನಪ್ಪ ದುರ್ಗಿಯ ಕೈಯಲ್ಲಿದ್ದ ತಂಬಿಗೆಯನ್ನೂ ಹೆಂಡತಿಯ ಮುಖವನ್ನೂ ನೋಡಿದ. ಇಷ್ಟು ವರ್ಷ ಜೊತೆಗಿದ್ದವಳನ್ನು ಹೊಸದಾಗಿ ಕಂಡ ಹಾಗೆ ನಿಂತುಬಿಟ್ಟ.

"ಸಿರ್ಸಿಯಿಂದ ಹುಬ್ಬಳ್ಳಿ ಬಸ್ಸು ಎಷ್ಟೊತ್ತಿಗವಾ?" ಎಂದು ಕೊನೆಗೆ ಮಗಳನ್ನು ಕೇಳಿದ.

"ಓದಿ ಬಾ ತಂಗೀ," ಎಂದ ದ್ಯಾಮಪ್ಪ. "ಬಂದ ಮ್ಯಾಲೆ ನಮ್ಮ ಬೆಟ್ಟದ್ದೂ ಒಂದಿಷ್ಟು ನೋಡು."

ಅಕ್ಕಂದಿರೇ, ತಾಯಂದಿರೇ, ನಿಮ್ಮ ಮಗಳು ಇನ್ನೂ ಓದುತ್ತೇನೆ ಎಂದರೆ ಸಾಕು ಎನ್ನಬೇಡಿ. ನಮ್ಮನ್ನು ಹೊರಗಿಟ್ಟ ಶಬ್ದ ಎಲ್ಲಿದೆಯೋ, ಅವಳು ಹುಡುಕಿ ಹಿಡಿಯಲಿ. ಅವಳು ಬರುವವರೆಗೆ ನಾವು ಸುಮ್ಮನೆ ಕೂರುವುದೂ ಬೇಡ. ಇಂದೇ ನಿಮ್ಮ ಹಿತ್ತಿಲಲ್ಲಿ ಯಾರಾದರೂ ಬೊಗಸೆಯೊಡ್ಡಿದರೆ, ಆ ಕೈಗೆ ತಂಬಿಗೆಯನ್ನೇ ಕೊಡಿ.