ವಿಭೂತಿ ಹಚ್ಚಿಕೊಂಡ ಪಿಸ್ಟನ್

ಇಡೀ ಹೈದರಾಬಾದಿನ್ಯಾಗ ಡೀಜಲ್ ಇಂಜಿನ್ ಬಿಚ್ಚಿದ ಹೆಂಗಸು ನಾ ಒಬ್ಬಾಕೀನ. ನಗಬ್ಯಾಡ ಶಾಮಲಾ. ಅರ್ಧಾ ಸುಳ್ಳೈತಿ, ಒಪ್ಪಿಕೋತೀನಿ. ಪಾನಾ ಹಿಡದು ನಟ್ಟು ಬಿಚ್ಚಿದಾಂವ ಮೆಕ್ಯಾನಿಕ್ ಯಾದಗಿರಿ, ಬಾಜೂಕ ಕುಂತು ಬೈದಾಕಿ ನಾನು.

ಆ ವರ್ಷ ಶ್ರಾವಣದ ಮಳಿಗೆ ಅಮೀರ್‌ಪೇಟದಾಗ ನಮ್ಮ ಹಿಟ್ಟಿನ ಗಿರಣಿ ಮುಳುಗಿತ್ತು. ನೀರು ಎಷ್ಟಂತಿ? ಮೀನು ಬಂದು ಜೋಳ ಬೀಸಿಕೊಂಡು ಹೋದ್ವು! ನೀರು ಇಳದ ಮ್ಯಾಲೆ ನೋಡಿದ್ರ ಇಂಜಿನ್ ಜಂಗು ತುಕ್ಕು ಹಿಡದು ಗಪ್ ಕುಂತಿತ್ತು. ನನ್ನ ಮಗ ಅಮರೇಶಂದು ಒಂದs ಹಟ.

"ಯವ್ವಾ, ಸೋಮವಾರ ಸಂಜೀತನಕ ನೋಡ್ತೀನಿ. ಶುರು ಆಗಲಿಲ್ಲಂದ್ರ ಗುಜರಿಗೆ ಹಾಕಿ, ಜಾಗಾ ಹಾಸ್ಟೆಲ್‌ನವರಿಗೆ ಕೊಡ್ತೀನಿ."

ನಮ್ಮ ಯಜಮಾನ್ರು ಹೋದ ಮ್ಯಾಲೆ ನನ್ನ ಕೈಯಾಗ ಉಳದದ್ದು ಆ ಗಿರಣಿ ಒಂದs. ಅದೂ ಹ್ವಾದ್ರ ಮನ್ಯಾಗ ಕುಂತು ಸೊಸಿ ಮಾಡಿದ ಚಹಾ ಕುಡೀಬೇಕಲ್ಲ!

ಯಾದಗಿರಿ ಪಿಸ್ಟನ್ನು, ರಿಂಗು, ವಾಲ್ವು ಎಲ್ಲಾ ಬಿಚ್ಚಿ, ಸೀಮಿಎಣ್ಣಿ ಬೋಗೋಣಿಯಾಗ ನೆನಿ ಇಟ್ಟ. "ನೀಳ್ಳು ತಾಕನಿಯ್ಯಕಮ್ಮಾ" ಅಂದ. ಒಂದು ಹನಿ ನೀರು ಸೋಕಬಾರದು, ಸೋಮವಾರ ಬಂದು ಕೂಡಿಸ್ತೀನಿ ಅಂತ.

ಸೋಮವಾರ ಮುಂಜಾನೆ ನಾ ಹೊಸಾ ಬೆಲ್ಟ್ ತರಾಕ ಹೋಗಿ ಬರೂದ್ರಾಗ, ನನ್ನ ನಾದಿನಿ ಸುಂದರಾಬಾಯಿ ಪೂಜಿ ತಂಬಿಗಿ ತಿಕ್ಕಿದಂಗ ಎಲ್ಲಾದಕ್ಕೂ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ, ಕೊಡಗಟ್ಲೆ ನೀರು ಸುರುವಿ, ಬಿಸಲಿಗಿಟ್ಟು, ಒಂದೊಂದಕ್ಕೂ ಮೂರು ಪಟ್ಟಿ ವಿಭೂತಿ ಎಳದಿದ್ಲು!

"ಏನ್ ಮಾಡೀಯs ಯವ್ವಾ?" ಅಂದೆ.

"ಶ್ರಾವಣ ಸೋಮವಾರ ಅಲ್ರಿ ವೈನಿ? ಗಿರಣಿ ಪೂಜಿ ತಪ್ಪಸ್ತೀರೇನು? ಎಣ್ಣಿ ಮ್ಯಾಲೆ ವಿಭೂತಿ ನಿಲ್ಲಂಗಿಲ್ಲ. ನೋಡ್ರಿ, ಬೆಳ್ಳಿ ಆಗ್ಯಾವ!"

"ನಿನ್ನ ಕೈಗೆ ಸಿಕ್ಕಿದ್ರ ಆನೀನೂ ತಿಕ್ಕಿ ಬೆಳ್ಳಗ ಮಾಡ್ತಿ!"

ಮಧ್ಯಾಹ್ನಕ್ಕ ಆ ಬೆಳ್ಳಿ ಮತ್ತ ಕೆಂಪಗಾತು. ಯಾದಗಿರಿ ಬಂದಾಂವ ತಲಿ ಮ್ಯಾಲೆ ಕೈ ಇಟ್ಟ. ಮತ್ತ ಜಂಗು ತಿಕ್ಕಿದ, ಎಣ್ಣಿ ಹಚ್ಚಿದ, ಕೂಡಿಸಿದ. ಹ್ಯಾಂಡಲ್ ತಿರುವಿದ್ರ ಒಮ್ಮೆ ಕೆಮ್ಮಿ ನಿಂತಿತು. ಮತ್ತ ತಿರುವಿದ. ಕೆಮ್ಮೂ ಇಲ್ಲ.

ಅಷ್ಟರಾಗ ಅಮರೇಶ ಗುಜರಿಯಾಂವನ್ನ ಕರಕೊಂಡು ಬಂದ.

"ಸಂಜಿ ಆತು ಯವ್ವಾ."

"ಸೂರ್ಯಾ ಇನ್ನೂ ಮ್ಯಾಲೈತಿ, ಕಣ್ಣು ಕುರುಡೇನೋ!"

ಗುಜರಿಯಾಂವ ತಕ್ಕಡಿ ಇಳಸಾಕತ್ತ. ಸಿಟ್ಟು ನೆತ್ತಿಗೇರಿತು ನನಗ. ಸೆರಗು ಸೊಂಟಕ್ಕ ಸಿಗಿಸಿ ಇಂಜಿನ್ ಮ್ಯಾಲs ಕುಂತುಬಿಟ್ಟೆ. ಯಾದಗಿರಿ "ಇಂಕೊಕ್ಕಸಾರಿ ಅಮ್ಮಾ", ಇನ್ನೊಂದs ಸಲ ಅಂತ ಹ್ಯಾಂಡಲ್ ಹಿಡದ.

ಈಗ ನೀನs ಹೇಳು ಶಾಮಲಾ. ಇಂಜಿನ್ ಶುರು ಆಗಿ ನನ್ನ ಕುಣಿಸ್ತೋ, ಗುಜರಿಯಾಂವ ನನ್ನೂ ಸೇರಿಸಿ ತೂಗಿದನೋ?