ನಬೋರನ ಹೆಸರಿನ ಚರಣ

ದ್ರೋಹಿಯ ಹೆಸರು ನಾಲ್ಕನೆಯ ಚರಣದೊಳಗೆ ಬಂದುಬಿಡಬೇಕು, ಆಮೇಲೆ ಕುಡಿದವರ ಕಿವಿಗೆ ಏನೂ ಬೀಳುವುದಿಲ್ಲ ಎಂದು ತಿಬೂರ್ಸಿಯೊ ಸೀಗಡಿಯ ಸಿಪ್ಪೆ ಸುಲಿಯುತ್ತಲೇ ಹೇಳಿದ.

ಎಲಿಸೇಯೊ ತಲೆಯಾಡಿಸಿದ. ವಾರಕ್ಕೆ ನಾಲ್ಕು ದಿನ ಕುಲಿಯಾಕಾನಿನ ಕಾಲೇಜಿನಲ್ಲಿ ಛಂದಸ್ಸು ಕಲಿಸುತ್ತಿದ್ದ. ಉಳಿದ ದಿನ ಕಳ್ಳಸಾಗಣೆಯ ಧಣಿಗಳ ಮೇಲೆ ಲಾವಣಿ ಕಟ್ಟುತ್ತಿದ್ದ. ಎರಡೂ ಒಂದೇ ಕೆಲಸ ಎಂದು ಹೆಂಡತಿಗೆ ಹೇಳಿದ್ದ. ಅವಳು ನಕ್ಕಿರಲಿಲ್ಲ.

ಈ ಸಲದ ಲಾವಣಿ ಸತ್ತ ಹಿರಿಯ ಧಣಿ ಕ್ರಿಸಾಂತೊನ ಮೇಲೆ. ಕಾವಲಿಲ್ಲದೆ ಹೊರಟ ಒಂದೇ ಒಂದು ಭಾನುವಾರ ಗುಂಡಿಗೆ ಬಲಿಯಾಗಿದ್ದ. ಕಾವಲಿನವರನ್ನು ಅಂದು ಬೇರೆ ಕಡೆ ಕಳಿಸಿದವನು ಈಗ ಅವನ ಜಾಗದಲ್ಲಿರುವ ಈ ತಿಬೂರ್ಸಿಯೊನೇ. ಸತ್ತವನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ಅವಳನ್ನು ಎತ್ತಿಕೊಂಡು ನಿಂತಿದ್ದವನು. ಕಾವಲು ತೆಗೆಸಿದ್ದು ಯಾರೆಂದು ಊರಿಗೆಲ್ಲ ಗೊತ್ತು. ಆದರೆ ಲಾವಣಿಯಲ್ಲಿ ಬರುವ ತನಕ ಯಾರಿಗೂ ಏನೂ ಗೊತ್ತಿಲ್ಲ.

"ಯಾರ ಹೆಸರು?"

"ನಬೋರ್. ಅವತ್ತು ಗಾಡಿ ಓಡಿಸ್ತಿದ್ದೋನು."

"ಅವನು ಹೊರಗೇ ಇದಾನಲ್ಲ, ನಿಮ್ಮ ಗಾಡೀಲಿ."

"ಇರಲಿ. ಹಾಡೋದು ಶನಿವಾರ ತಾನೆ?" ತಿಬೂರ್ಸಿಯೊ ಬೆರಳಿನ ನಿಂಬೆರಸ ನೆಕ್ಕಿದ. "ತಿನ್ನಿ ಮೇಷ್ಟ್ರೇ. ಸಾವಿನ ಮನೇಲಿ ಕೂತ ಹಾಗೆ ಕೂತಿದೀರಲ್ಲ."

ಲಾವಣಿ ದ್ರೋಹಿಯೆಂದು ಕರೆದವನು ಮುಂದಿನ ವಾರ ಊರಲ್ಲಿ ಕಂಡದ್ದಿಲ್ಲ. ಆಗುವುದಿಲ್ಲ ಎನ್ನಬೇಕು ಎಂದುಕೊಂಡು ಎಲಿಸೇಯೊ ಬಾಯಿ ತೆರೆದ. ಆದರೆ ಎರಡನೆಯ ಚರಣದ ನಂತರ ಅಕಾರ್ಡಿಯನ್‌ಗೆ ಜಾಗ ಬಿಡಲೇ ಎಂದು ಕೇಳಿದ. ಅದಕ್ಕಿಂತ ಹೇಸಿಗೆಯ ಸಂಗತಿ ಇನ್ನೊಂದಿತ್ತು: ನಬೋರನ ಹೆಸರು ಅವನ ತಲೆಯೊಳಗಿನ ಸಾಲಿನಲ್ಲಿ ಆಗಲೇ ಹಾಯಾಗಿ ಕೂತುಬಿಟ್ಟಿತ್ತು.

ಅವನನ್ನು ಮನೆಗೆ ಬಿಡಲು ಬಂದವನು ನಬೋರನೇ. ಅರ್ಧ ದಾರಿಯಲ್ಲಿ, ಹನ್ನೊಂದು ವರ್ಷ ಕ್ರಿಸಾಂತೊನ ಗಾಡಿ ಓಡಿಸಿದರೂ ತಾನು ಒಂದು ಹಾಡಿನಲ್ಲೂ ಬಂದಿಲ್ಲ, ಧಣಿಯ ಕುದುರೆ ಮಾತ್ರ ಎರಡು ಸಲ ಬಂದಿದೆ ಎಂದ.

"ಈ ಸಲ ನಾನೂ ಬರ್ತೀನಂತೆ. ದೊಡ್ಡೋರು ಹೇಳಿದ್ರು. ಹೌದಾ ಮೇಷ್ಟ್ರೇ?"

ಎಲಿಸೇಯೊ ಕಿಟಕಿಯ ಗಾಜು ಇಳಿಸಿದ. "ಇನ್ನೂ ಬರೆದಿಲ್ಲ."

"ಅಮ್ಮನಿಗೆ ಹೇಳ್ಬಿಟ್ಟಿದೀನಿ. ಮುಂದಿನ ಸಾಲಲ್ಲೇ ಕೂರಿಸ್ತೀನಿ."

"ಅವರನ್ನ ಕರ್ಕೊಂಡು ಸ್ವಲ್ಪ ದಿನ ಎಲ್ಲಾದ್ರೂ ಹೋಗಿ ಬಾ."

"ಹಾಡು ಬಿಟ್ಟಾ?" ನಬೋರ್ ನಕ್ಕ.

ಅವನನ್ನು ಎಚ್ಚರಿಸಲು ಇನ್ನೊಂದು ಮಾತು ಸಾಕಿತ್ತು. ಎಲಿಸೇಯೊ ಇಲ್ಲೇ ಇಳಿಯುತ್ತೇನೆ ಎಂದ.

ಬೀದಿ ಬದಿಯಲ್ಲಿ ಬಾಡಿಗೆಗೆ ಕಾಯುವ ವಾದ್ಯಗಾರರು ಬಿಸಿಲಲ್ಲಿ ಸಾಲಾಗಿ ಕೂತಿದ್ದರು. ಒಬ್ಬನ ಮಡಿಲಲ್ಲಿ ಭಾರೀ ಹಿತ್ತಾಳೆಯ ಕಹಳೆ. ಅದರ ಹೊಳೆಯುವ ತೆರೆದ ಬಾಯೊಳಗೆ ಇಡೀ ಬೀದಿಯ ಬಿಂಬ ತಲೆಕೆಳಗಾಗಿ ತೂಗುತ್ತಿತ್ತು. ನಡುವೆ ಗಾಡಿ, ಕಿಟಕಿಯಿಂದ ಕೈಬೀಸುತ್ತಿದ್ದ ನಬೋರ್, ಕಡಲೆಕಾಳಿನಷ್ಟು. ವಾದ್ಯಗಾರ ಅದೇ ಜಾಗಕ್ಕೆ ಬಾಯಿಯ ಉಸಿರು ಊದಿ, ಬಟ್ಟೆಯಿಂದ ಒರೆಸತೊಡಗಿದ.